ಎಂಜಿನ್ನಿನ ಸಂದುಗಳು: ಬಿಕೆನ್‌ಹಿಲ್‌ನ ಮೋಟಾರ್‌ಸೈಕಲ್ ಸಂಗ್ರಹಾಲಯ ಕುರಿತು ಒಂದು ಟಿಪ್ಪಣಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ಹತ್ತಿರ, ಸೋಲಿಹಲ್‌ಗೆ ಸೇರಿದ ಬಿಕೆನ್‌ಹಿಲ್ ಎಂಬಲ್ಲಿ, ಎಂ-42 ಹೆದ್ದಾರಿಯ ಮಗ್ಗುಲಿಗೆ ನ್ಯಾಷನಲ್ ಮೋಟಾರ್‌ಸೈಕಲ್ ಮ್ಯೂಸಿಯಂ ಇದೆ. ಕಟ್ಟಡ ಉದ್ಯಮದಲ್ಲಿ ದುಡ್ಡು ಮಾಡಿದ ರಾಯ್ ರಿಚರ್ಡ್ಸ್ ಎಂಬವರು 1984ರ ಅಕ್ಟೋಬರ್‌ನಲ್ಲಿ 350 ಗಾಡಿಗಳೊಂದಿಗೆ ಇದನ್ನು ತೆರೆದರು. ಸಂಗ್ರಹ ಬೆಳೆದು ಎಂಟುನೂರನ್ನು ದಾಟಿತು. ಬ್ರಿಟನ್ನಿನಲ್ಲಿ ತಯಾರಾದ ಗಾಡಿಗಳಿಗೆ ಮಾತ್ರ ಇಲ್ಲಿ ಜಾಗ. ಒಂದು ದೇಶದ ಒಂದೇ ಉದ್ಯಮದ ಹುಟ್ಟು, ಉಚ್ಛ್ರಾಯ, ಅವಸಾನಗಳನ್ನು ಒಂದೇ ಸೂರಿನಡಿ ಇಷ್ಟು ದಟ್ಟವಾಗಿ ನೋಡಲು ಸಿಗುವ ತಾಣಗಳು ಕಡಿಮೆ.

ಜಾಗವೇ ಅರ್ಧ ಕಥೆ ಹೇಳುತ್ತದೆ. ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಮೆರಿಡನ್ ಹಳ್ಳಿ. 1940ರ ನವೆಂಬರ್‌ನಲ್ಲಿ ಜರ್ಮನ್ ಬಾಂಬುಗಳಿಗೆ ಕವೆಂಟ್ರಿ ನಗರದ ತನ್ನ ಕಾರ್ಖಾನೆಯನ್ನು ಕಳೆದುಕೊಂಡ ಟ್ರಯಂಫ್ ಕಂಪನಿ 1942ರಲ್ಲಿ ಹೊಸ ಕಾರ್ಖಾನೆ ಕಟ್ಟಿಕೊಂಡದ್ದು ಅಲ್ಲಿ. ಪಶ್ಚಿಮಕ್ಕೆ, ಬರ್ಮಿಂಗ್‌ಹ್ಯಾಮ್ ನಗರದೊಳಗೆ ಸ್ಮಾಲ್ ಹೀತ್. ಬಂದೂಕು ತಯಾರಕರು 1861ರಲ್ಲಿ ಕೂಡಿ ಕಟ್ಟಿದ ಬಿಎಸ್‌ಎಯ ನೆಲೆ. ನಾರ್ಟನ್, ವೆಲೋಸೆಟ್, ಏರಿಯಲ್ ಕಾರ್ಖಾನೆಗಳಿದ್ದದ್ದೂ ಅದೇ ಬರ್ಮಿಂಗ್‌ಹ್ಯಾಮ್‌ನ ಬೇರೆ ಬೇರೆ ಬಡಾವಣೆಗಳಲ್ಲಿ. ಕಾರ್ಬುರೇಟರಿನ ಅಮಲ್, ಡೈನಮೋ ಮತ್ತು ದೀಪಗಳ ಲೂಕಾಸ್ ಕೂಡ ಅಲ್ಲಿಯವೇ. ಮ್ಯೂಸಿಯಂ ಬಾಗಿಲು ತೆರೆದ 1984ರಲ್ಲೇ ಮೆರಿಡನ್ ಕಾರ್ಖಾನೆಯನ್ನು ನೆಲಸಮ ಮಾಡಲಾಯಿತು. ಆ ಜಾಗದಲ್ಲಿ ಈಗ ಮನೆಗಳೆದ್ದಿವೆ. ಬಾನೆವಿಲ್, ಡೇಟೋನಾ ಎಂಬ ಗಾಡಿಗಳ ಹೆಸರು ಬೀದಿಗಳಿಗೆ ಉಳಿದಿದೆ. ಹೀಗಾಗಿ ಈ ಸಂಗ್ರಹ ದೂರದೂರಿನಿಂದ ತಂದಿಟ್ಟ ವಸ್ತುಗಳ ಪ್ರದರ್ಶನವಲ್ಲ. ಸತ್ತ ಉದ್ಯಮದ ಅಂಗಳದಲ್ಲೇ ಅದರ ಅಸ್ಥಿಯನ್ನು ಜೋಡಿಸಿಟ್ಟ ಹಾಗೆ ಇದೆ.

ಈ ಟಿಪ್ಪಣಿಯ ಪ್ರಶ್ನೆ ಸೀಮಿತವಾದದ್ದು. ಇಲ್ಲಿ ನಿಲ್ಲಿಸಿರುವ ಗಾಡಿಗಳನ್ನು ಆ ಉದ್ಯಮದ ಪತನಕ್ಕೆ ಸಾಕ್ಷಿ ಎಂದು ಬಳಸಬಹುದೇ? ಬಳಸಬಹುದಾದರೆ ಅವುಗಳಲ್ಲಿ ಯಾವ ಭಾಗವನ್ನು ನಂಬಬೇಕು?

ಬಣ್ಣವನ್ನು ನಂಬುವಂತಿಲ್ಲ. ಇಂಥ ಸಂಗ್ರಹಗಳಲ್ಲಿ ಗಾಡಿಗಳನ್ನು ಶೋರೂಮಿನಿಂದ ಆಗಷ್ಟೇ ಇಳಿಸಿದಂತೆ ಹೊಸದು ಮಾಡಿ ನಿಲ್ಲಿಸುವುದೇ ವಾಡಿಕೆ, ಬಿಕೆನ್‌ಹಿಲ್‌ನದೂ ಅದೇ ಸಂಪ್ರದಾಯ. ಟ್ಯಾಂಕಿನ ಚಿನ್ನದ ಗೆರೆಯನ್ನು ಕುಂಚದಿಂದ ಮತ್ತೆ ಎಳೆದಿರುತ್ತಾರೆ, ಕ್ರೋಮ್ ಮತ್ತೆ ಏರಿಸಿರುತ್ತಾರೆ, ಸೀಟಿಗೆ ಹೊಸ ಹೊದಿಕೆ ಬಂದಿರುತ್ತದೆ. ನೋಡಲು ಚೆಂದ. ಆದರೆ ಸವಾರನ ಮೊಣಕಾಲು ಉಜ್ಜಿದ ಗುರುತು, ರಿಪೇರಿಯವನು ತಂತಿ ಬಿಗಿದ ಜಾಗ, ಸೈಡ್‌ಕಾರ್ ಕಟ್ಟಿದ್ದ ಕ್ಲಾಂಪಿನ ಕಲೆ ಎಲ್ಲವೂ ಆ ಕೆಲಸದಲ್ಲಿ ಅಳಿದುಹೋಗುತ್ತವೆ. ಬಳಕೆಯ ಇತಿಹಾಸ ಬರೆಯುವವನಿಗೆ ಇದು ನಷ್ಟವೇ. ಎಂಜಿನ್ ನಂಬರ್, ಫ್ರೇಮ್ ನಂಬರ್‌ಗಳು ಹೆಚ್ಚು ಉಪಯುಕ್ತ. 1946ರಲ್ಲಿ ಹುಟ್ಟಿದ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಕಾಪಾಡಿರುವ ಕಾರ್ಖಾನೆಗಳ ರವಾನೆ ಪುಸ್ತಕಗಳೊಂದಿಗೆ ಈ ನಂಬರ್‌ಗಳನ್ನು ತಾಳೆ ನೋಡಿದರೆ ಗಾಡಿ ಯಾವ ದಿನ ಯಾವ ಡೀಲರ್‌ಗೆ ಹೋಯಿತೆಂಬುದು ಎಷ್ಟೋ ಸಲ ಗೊತ್ತಾಗುತ್ತದೆ. ಆದರೆ ನಂಬರ್ ಆ ಒಂದು ಗಾಡಿಯ ಮಟ್ಟಿಗೆ ಸಾಕ್ಷಿ. ಉದ್ಯಮದ ಮಟ್ಟಿಗೆ ಸಾಕ್ಷಿ ಹೇಳುವುದು ಎರಕದ ಲೋಹ. ಅದರಲ್ಲೂ ಎರಕದ ಎರಡು ತುಂಡುಗಳು ಕೂಡುವ ಸಂದು. ಬಣ್ಣ ಬಳಿಯುವವನು ಸಂದನ್ನು ಒರೆಸಬಲ್ಲನೇ ಹೊರತು ಬೇರೆ ಕಡೆಗೆ ಸರಿಸಲಾರ.

ಟ್ರಯಂಫ್ ಸ್ಪೀಡ್ ಟ್ವಿನ್‌ನಿಂದ ತೊಡಗಬಹುದು. ಎಡ್ವರ್ಡ್ ಟರ್ನರ್ ರೂಪಿಸಿ 1937ರಲ್ಲಿ ಹೊರತಂದ 498 ಸಿಸಿಯ ಈ ಗಾಡಿ ಮುಂದಿನ ನಲವತ್ತು ವರ್ಷಗಳ ಬ್ರಿಟಿಷ್ ಮೋಟಾರ್‌ಸೈಕಲ್ಲಿನ ಮೂಲಪಾಠ. ಯುದ್ಧ ಮುಗಿದ ಮೇಲೆ ಬಿಎಸ್‌ಎ, ನಾರ್ಟನ್, ಏರಿಯಲ್, ಮ್ಯಾಚ್‌ಲೆಸ್, ರಾಯಲ್ ಎನ್‌ಫೀಲ್ಡ್ ಎಲ್ಲರೂ ಇದೇ ಮಾದರಿಯ ಜೋಡಿ ಸಿಲಿಂಡರಿನ ಎಂಜಿನ್‌ಗಳನ್ನು ತಂದರು. ಮಗ್ಗುಲಲ್ಲಿ ಬಗ್ಗಿ ನೋಡಿದರೆ ಅದರ ಜಾಣತನ ಕಾಣುತ್ತದೆ. ಎರಡು ಸಿಲಿಂಡರ್ ಇದ್ದರೂ ಎಂಜಿನ್ ಎಷ್ಟು ಚಿಕ್ಕದೆಂದರೆ, ಅದೇ ಕಂಪನಿಯ ಒಂಟಿ ಸಿಲಿಂಡರಿನ ಟೈಗರ್ 90 ಗಾಡಿಯ ಫ್ರೇಮಿನಲ್ಲೇ ಕೂತಿತು. ಹೊಸ ಫ್ರೇಮ್ ಬೇಡ, ಅದನ್ನು ಹಿಡಿದಿಟ್ಟು ಕಟ್ಟುವ ಹೊಸ ಜಿಗ್ ಬೇಡ. ಕೈಯಲ್ಲಿ ಕಾಸಿಲ್ಲದ ಕಂಪನಿಗೆ ಆ ಕಾಲಕ್ಕೆ ಅದೇ ಸರಿಯಾದ ದಾರಿ.

ಇನ್ನು ಕೆಳಗೆ, ಕ್ರ್ಯಾಂಕ್ ತಿರುಗುವ ಎರಕದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಕಡೆಗೆ ಕಣ್ಣು ಹಾಯಿಸಬೇಕು. ಎಂಜಿನ್ನಿನ ಎದುರಿಗೆ ಕುಕ್ಕರಗಾಲಲ್ಲಿ ಕೂತರೆ, ಎರಡು ಸಿಲಿಂಡರುಗಳ ನಡುವೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಇಳಿದು ಎಂಜಿನ್ನಿನ ತಳದಲ್ಲಿ ಮರೆಯಾಗುತ್ತದೆ. ಎಡ ಹೋಳು, ಬಲ ಹೋಳು; ನಡುವೆ ಬೋಲ್ಟುಗಳು. ಒಂಟಿ ಸಿಲಿಂಡರಿನ ಎಂಜಿನ್‌ಗಳನ್ನು ಹೀಗೆಯೇ ಕಟ್ಟುತ್ತಿದ್ದರು, ಅದೇ ರೂಢಿ ಜೋಡಿ ಸಿಲಿಂಡರಿಗೂ ಬಂತು. ತೊಂದರೆ ಏನೆಂದರೆ ಉದ್ದುದ್ದ ಸೀಳಿದ ಸಂದು ಎಣ್ಣೆ ನಿಲ್ಲುವ ತಳವನ್ನೂ ಸೀಳಿಕೊಂಡು ಹೋಗುತ್ತದೆ. ಅಡ್ಡ ಸೀಳಿದರೆ ಸಂದು ಕ್ರ್ಯಾಂಕಿನ ಮಟ್ಟದಲ್ಲಿ, ಎಣ್ಣೆಯಿಂದ ಮೇಲೆ ಉಳಿಯುತ್ತದೆ. ಇದರ ಜೊತೆಗೆ ಟರ್ನರ್‌ನ ವಿನ್ಯಾಸದಲ್ಲಿ ಎರಡೂ ಪಿಸ್ಟನ್‌ಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಇಳಿಯುವಾಗ ಕ್ರ್ಯಾಂಕ್‌ಕೇಸಿನೊಳಗಿನ ಅರ್ಧ ಲೀಟರಿನಷ್ಟು ಜಾಗ ಒಮ್ಮೆಲೇ ಕುಗ್ಗುತ್ತದೆ. ಒಳಗಿನ ಗಾಳಿ ಹೊರಬರಲು ದಾರಿ ಹುಡುಕುತ್ತದೆ. ಅದಕ್ಕೆಂದೇ ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಸಮಯ ನೋಡಿ ಬಾಯಿ ತೆರೆಯುವ ಪುಟ್ಟ ಉಸಿರುಗಿಂಡಿಯನ್ನು ಇಟ್ಟಿದ್ದರು. ಗಿಂಡಿ ಸಾಲದೆ ಬಂದಾಗ ಗಾಳಿ ಎಣ್ಣೆಯನ್ನೂ ಕರೆದುಕೊಂಡು ಸಂದಿನಿಂದ, ಪುಷ್‌ರಾಡ್ ಕೊಳವೆಯ ರಬ್ಬರಿನಿಂದ, ರಾಕರ್ ಬಾಕ್ಸಿನ ಪ್ಯಾಕಿಂಗಿನಿಂದ ಹೊರಬರುತ್ತಿತ್ತು. ಬ್ರಿಟಿಷ್ ಗಾಡಿ ಎಂದರೆ ಆಯಿಲ್ ಲೀಕ್ ಎಂಬ ಗೇಲಿಯ ಹಿಂದೆ ಇರುವುದು ಈ ಭೌತಶಾಸ್ತ್ರ. ಕೆಲಸಗಾರನ ಉದಾಸೀನವನ್ನು ದೂರುವ ಮೊದಲು ಇದನ್ನು ನೋಡಬೇಕು.

ಪಿಸ್ಟನ್‌ಗಳು ಒಟ್ಟಿಗೆ ಓಡಾಡುವುದರ ಇನ್ನೊಂದು ಫಲ ನಡುಕ. ಒಂದರ ತೂಕ ಇನ್ನೊಂದನ್ನು ಸರಿದೂಗಿಸುವುದಿಲ್ಲ. ದೊಡ್ಡದೊಂದು ಒಂಟಿ ಪಿಸ್ಟನ್ ಇದ್ದ ಹಾಗೆಯೇ ಲೆಕ್ಕ. 500 ಸಿಸಿಯಲ್ಲಿ ಇದು ಸಹ್ಯ. ಎಂಜಿನ್ ಹಿಗ್ಗಿದಂತೆ ಅಸಹ್ಯ. ಹಿಗ್ಗಿಸುವ ಕೆಲಸಕ್ಕೆ ನಾರ್ಟನ್‌ನ ಸಾಲಿನಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಬರ್ಟ್ ಹಾಪ್‌ವುಡ್ ವಿನ್ಯಾಸ ಮಾಡಿದ ಡಾಮಿನೇಟರ್ ಎಂಜಿನ್ 1940ರ ದಶಕದ ಕೊನೆಗೆ ಬಂದಾಗ 497 ಸಿಸಿ. ಆಮೇಲೆ ಅದು 596 ಆಯಿತು, 646 ಆಯಿತು, 745 ಆಯಿತು, ಕೊನೆಗೆ 1973ರಲ್ಲಿ 828. ಬೇರೆ ಬೇರೆ ಕಾಲದ ಈ ಗಾಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಂಜಿನ್ನಿನ ಮುಖಲಕ್ಷಣ ಬದಲಾಗದೆ ಮೈ ಮಾತ್ರ ದಪ್ಪವಾಗುತ್ತ ಬಂದದ್ದು ಕಾಣುತ್ತದೆ. 1967ರಲ್ಲಿ ಬಂದ ಕಮಾಂಡೊ ಈ ನಡುಕಕ್ಕೆ ಕಂಡುಕೊಂಡ ಪರಿಹಾರ ಕುತೂಹಲಕರ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರದ ತೋಳು ಇಷ್ಟನ್ನೂ ಒಂದು ಗಂಟು ಮಾಡಿ, ರಬ್ಬರ್ ಬಿಲ್ಲೆಗಳ ಮೇಲೆ ಫ್ರೇಮಿಗೆ ತೂಗುಹಾಕಿದರು. ಎಂಜಿನ್ ತನ್ನ ಪಾಡಿಗೆ ನಡುಗಲಿ, ಸವಾರನಿಗೆ ತಾಗದಿದ್ದರೆ ಸಾಕು ಎಂಬುದು ಅದರ ಹಿಂದಿನ ಆಲೋಚನೆ. ಅದಕ್ಕೆ ಐಸೊಲಾಸ್ಟಿಕ್ ಎಂದು ಹೆಸರಿಟ್ಟರು. ಓಡಿಸಿದವರು ಮೆಚ್ಚಿದರು, ಬ್ರಿಟಿಷ್ ಪತ್ರಿಕೆಯ ಓದುಗರು ವರ್ಷದ ಗಾಡಿ ಎಂದು ಮತ್ತೆ ಮತ್ತೆ ಆರಿಸಿದರು. ಇದನ್ನು ಕೈಲಾಗದವರ ಕೆಲಸ ಎನ್ನಲು ಬರುವುದಿಲ್ಲ. ಇಪ್ಪತ್ತು ವರ್ಷ ಹಳೆಯ ಎಂಜಿನ್ನನ್ನು ಬಿಡುವ ಹಾಗಿಲ್ಲ ಎಂಬ ಕಟ್ಟಳೆಯೊಳಗೆ ಬಲು ಬುದ್ಧಿವಂತರು ಮಾಡಿದ ಕೆಲಸ ಅದು.

ನನ್ನ ವಾದದ ಕೇಂದ್ರದಲ್ಲಿರುವುದು ಟ್ರಯಂಫ್ ಟ್ರೈಡೆಂಟ್. ಹಾಪ್‌ವುಡ್ ಮತ್ತು ಡಗ್ ಹೀಲ್ 1960ರ ದಶಕದ ಮೊದಲ ಪಾದದಲ್ಲಿ ಮೂರು ಸಿಲಿಂಡರಿನ ಎಂಜಿನ್ನಿನ ಕಲ್ಪನೆ ಮಾಡಿದರು. ಮೊದಲ ಪ್ರಾಯೋಗಿಕ ಗಾಡಿಯ ಸಿಲಿಂಡರ್ ಅಳತೆ 63 ಮಿ.ಮೀ. ಅಗಲ, 80 ಮಿ.ಮೀ. ಓಟ. ಇದು ಟರ್ನರ್‌ನ 1937ರ ಎಂಜಿನ್ನಿನದೇ ಅಳತೆ! ಎರಡರ ಪಕ್ಕಕ್ಕೆ ಮೂರನೆಯದನ್ನು ಸೇರಿಸಿದ್ದರು, ಅಷ್ಟೇ. ಮಾರಾಟಕ್ಕೆ ಬರುವ ಹೊತ್ತಿಗೆ ಅಳತೆ 67ಕ್ಕೆ 70 ಆಗಿತ್ತು, ಒಟ್ಟು 740 ಸಿಸಿ. ಕಟ್ಟುವ ಕ್ರಮ ಮಾತ್ರ ಹಳೆಯದೇ. ಟ್ರೈಡೆಂಟಿನ ಎದುರು ಕೂತು ನೋಡಿದರೆ ಒಂದರ ಬದಲು ಎರಡು ನಿಂತ ಸಂದುಗಳು ಕಾಣುತ್ತವೆ. ಎಡ ಹೋಳು, ಬಲ ಹೋಳು, ನಡುವೆ ಸೇರಿಸಿದ ಇನ್ನೊಂದು ತುಂಡು. ಲೀಕ್ ಆಗಬಹುದಾದ ಗೆರೆ ಇಮ್ಮಡಿಯಾಯಿತು. ಹೊಸ ಯಂತ್ರೋಪಕರಣ ಕೊಳ್ಳದೆ, ಜೋಡಿ ಸಿಲಿಂಡರಿಗೆಂದು ಇದ್ದ ಸಲಕರಣೆಯನ್ನೇ ಆದಷ್ಟು ದುಡಿಸಿಕೊಳ್ಳುವ ಆತುರ ಆ ನಡುತುಂಡಿನಲ್ಲಿ ಎರಕವಾಗಿ ಕೂತಿದೆ.

ಗಾಡಿ ಅಂಗಡಿಗೆ ಬಂದದ್ದು 1968ರಲ್ಲಿ. ನಾಲ್ಕು ಗೇರ್, ಮುಂದೆ ಡ್ರಮ್ ಬ್ರೇಕ್, ಸ್ಟಾರ್ಟ್ ಮಾಡಲು ಕಿಕ್. ಮರುವರ್ಷ ಹೋಂಡಾ ಸಿಬಿ 750 ಬಂತು: ನಾಲ್ಕು ಸಿಲಿಂಡರ್, ತಲೆಯ ಮೇಲೇ ಕ್ಯಾಮ್‌ಶಾಫ್ಟ್, ಐದು ಗೇರ್, ಮುಂದೆ ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಚಾಲು. ಕ್ರ್ಯಾಂಕ್‌ಕೇಸು ಅಡ್ಡ ಸೀಳಿದ್ದು. ಓಟದ ರಸ್ತೆಯಲ್ಲಿ ಟ್ರೈಡೆಂಟ್ ಹೋಂಡಾಕ್ಕೆ ಸುಲಭಕ್ಕೆ ಬಗ್ಗಲಿಲ್ಲ ಎಂಬುದನ್ನೂ ಹೇಳಬೇಕು. ಮಾರುಕಟ್ಟೆಯ ಪ್ರಶ್ನೆ ಬೇರೆಯೇ ಇತ್ತು.

ಇದರ ಜೊತೆ ನೋಡಬೇಕಾದದ್ದು ಬಿಎಸ್‌ಎ ರಾಕೆಟ್ 3. ಬಿಎಸ್‌ಎ 1951ರಲ್ಲೇ ಟ್ರಯಂಫ್ ಕಂಪನಿಯನ್ನು ಕೊಂಡಿತ್ತು. ಎರಡೂ ಗಾಡಿಗಳ ಎಂಜಿನ್ ಒಂದೇ. ಆದರೆ ಟ್ರೈಡೆಂಟಿನ ಸಿಲಿಂಡರ್‌ಗಳು ನೆಟ್ಟಗೆ, ರಾಕೆಟ್ 3ರವು ಮುಂದಕ್ಕೆ ಬಾಗಿವೆ. ಎರಡು ಹೆಸರುಗಳ ಅಭಿಮಾನಿಗಳಿಗೆ ಎರಡು ಬೇರೆ ಗಾಡಿ ಎನಿಸಲಿ ಎಂದು ಈ ಬಾಗು. ಅದಕ್ಕಾಗಿ ಕ್ರ್ಯಾಂಕ್‌ಕೇಸಿನ ಎರಕವನ್ನೇ ಬೇರೆ ಮಾಡಿಸಿದರು! ಹೊಸ ಯಂತ್ರಕ್ಕೆ ದುಡ್ಡಿಲ್ಲ ಎಂದ ಆಡಳಿತಕ್ಕೆ ಒಂದೇ ಎಂಜಿನ್ನನ್ನು ಎರಡು ಅಚ್ಚಿನಲ್ಲಿ ಹೊಯ್ಯಲು ದುಡ್ಡಿತ್ತು. ದಾಖಲೆಯ ಕಾಗದಗಳು ಏನೇ ಹೇಳಲಿ, ಈ ಎರಡು ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಸಾಕು. ಇನ್ನೂ ಒಂದು ಮಾತು: ಟ್ರೈಡೆಂಟಿನ ಎಂಜಿನ್‌ಗಳು ಸ್ಮಾಲ್ ಹೀತ್‌ನಲ್ಲಿ ತಯಾರಾಗಿ ಮೆರಿಡನ್‌ಗೆ ಹೋಗಿ ಅಲ್ಲಿ ಗಾಡಿಯಾಗುತ್ತಿದ್ದವು. 1973ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಕೇಳಿ ಮೆರಿಡನ್‌ನ ಕೆಲಸಗಾರರು ಒಳಗೇ ಕೂತು ಬಾಗಿಲು ಹಾಕಿಕೊಂಡಾಗ, ಫ್ರೇಮ್ ಕಟ್ಟುವ ಜಿಗ್‌ಗಳೂ ಒಳಗೇ ಉಳಿದವು. ಸ್ಮಾಲ್ ಹೀತ್‌ನಲ್ಲಿ ಎಂಜಿನ್ ಇದ್ದರೂ ಟ್ರೈಡೆಂಟ್ ಇಲ್ಲ ಎಂಬ ಸ್ಥಿತಿ ಬಂತು; ಜಿಗ್‌ಗಳನ್ನು ಹೊಸದಾಗಿ ಮಾಡಿಕೊಂಡ ಮೇಲೆಯೇ ಕೆಲಸ ಮತ್ತೆ ಶುರುವಾದದ್ದು.

ಹಾಗಾದರೆ ಜಪಾನಿನವರ ಎಂಜಿನ್ ಎಣ್ಣೆ ಸುರಿಸುತ್ತಿರಲಿಲ್ಲವೇ? ಸುರಿಸುತ್ತಿತ್ತು. ರಿಚರ್ಡ್ ಪಾಸ್ಕೇಲ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹೋಂಡಾದ ಹಳೆಯ ಅಧಿಕಾರಿಗಳ ನೆನಪುಗಳನ್ನು ದಾಖಲಿಸಿದ್ದಾರೆ. 1959ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಂಗಡಿ ತೆರೆದ ಹೋಂಡಾದ ದೊಡ್ಡ ಗಾಡಿಗಳು ಅಲ್ಲಿನ ಉದ್ದದ, ವೇಗದ ಸವಾರಿಗೆ ತಾಳದೆ ಮರುವರ್ಷ ಎಣ್ಣೆ ಸುರಿಸತೊಡಗಿದವು, ಕ್ಲಚ್ ಕೈಕೊಟ್ಟಿತು. ಕೆಟ್ಟ ಗಾಡಿಗಳನ್ನು ವಿಮಾನದಲ್ಲಿ ಜಪಾನಿಗೆ ಕಳಿಸಿದರು. ತಿಂಗಳೊಪ್ಪತ್ತಿನಲ್ಲಿ ಹೊಸ ಹೆಡ್ ಗ್ಯಾಸ್ಕೆಟ್ಟೂ ಹೊಸ ಕ್ಲಚ್ ಸ್ಪ್ರಿಂಗೂ ತಯಾರಾದವು. ಇಪ್ಪತ್ತು ವರ್ಷದ ನಂತರ ಗೆದ್ದವರು ಹೇಳಿದ ನೆನಪು ಇದು, ಹಾಗಾಗಿ ಒಂದಿಷ್ಟು ತಳ್ಳಿಯೇ ಓದಬೇಕು. ಆದರೂ ತಿರುಳು ನಿಲ್ಲುತ್ತದೆ. ಲೀಕ್ ಎಂಬುದು ಯಾವ ದೇಶದ ಜಾತಕದಲ್ಲೂ ಬರೆದದ್ದಲ್ಲ. ಒಂದು ಕಡೆ ಅದು ತುರ್ತು ಸಮಸ್ಯೆಯಾಯಿತು. ಇನ್ನೊಂದು ಕಡೆ ಮೂವತ್ತು ವರ್ಷ ಅದೇ ಸಂದು ಅದೇ ಜಾಗದಲ್ಲಿ ಉಳಿಯಿತು, ಏಕೆಂದರೆ ಅದನ್ನು ಸರಿಸಬೇಕಾದರೆ ಇಡೀ ಕಾರ್ಖಾನೆಯ ಯಂತ್ರಗಳನ್ನು ಸರಿಸಬೇಕಿತ್ತು.

ಬ್ರಿಟಿಷರಿಗೆ ಸುದ್ದಿ ತಲುಪಿರಲಿಲ್ಲವೆಂದೂ ಹೇಳುವಂತಿಲ್ಲ. 1960ರಲ್ಲಿ ಸ್ವತಃ ಟರ್ನರ್ ಜಪಾನಿಗೆ ಹೋಗಿ ಕಾರ್ಖಾನೆಗಳನ್ನು ಸುತ್ತಿ, ಅಲ್ಲಿನ ಉತ್ಪಾದನೆಯ ಪ್ರಮಾಣ ಕಂಡು ಬೆರಗಾಗಿ ವರದಿ ಬರೆದರು. ಅದಕ್ಕಿಂತ ಹಿಂದಿನ ಇನ್ನೊಂದು ಪುರಾವೆ ಬಿಎಸ್‌ಎ ಬ್ಯಾಂಟಮ್ ಎಂಬ ಪುಟ್ಟ ಗಾಡಿ. 1948ರಲ್ಲಿ ಬಂದ ಈ 123 ಸಿಸಿಯ ಟೂ-ಸ್ಟ್ರೋಕ್ ಬ್ರಿಟಿಷ್ ಹುಟ್ಟಿನದಲ್ಲ. ಜರ್ಮನಿಯ ಡಿಕೆಡಬ್ಲ್ಯೂ ಆರ್‌ಟಿ 125ರ ನಕ್ಷೆಗಳು ಯುದ್ಧಪರಿಹಾರವಾಗಿ ಗೆದ್ದವರ ಪಾಲಿಗೆ ಬಂದವು. ಬಿಎಸ್‌ಎ ಆ ಎಂಜಿನ್ನನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕಟ್ಟಿತು; ಬ್ರಿಟಿಷ್ ಸವಾರರ ಅಭ್ಯಾಸಕ್ಕೆ ತಕ್ಕಂತೆ ಗೇರ್ ಬಲಗಾಲಿಗೆ ಬರಲಿ ಎಂದು. ಅದೇ ಜರ್ಮನ್ ಮೂಲದಿಂದ ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಒಂದು ಗಾಡಿ ಮಾಡಿತು, ಸೋವಿಯತ್ ಒಕ್ಕೂಟ ಒಂದು ಮಾಡಿತು, 1955ರಲ್ಲಿ ಯಮಾಹಾ ತನ್ನ ಮೊಟ್ಟಮೊದಲ ಮೋಟಾರ್‌ಸೈಕಲ್ ವೈಎ-1 ಮಾಡಿದ್ದೂ ಅದರಿಂದಲೇ. ಒಂದೇ ತಾಯಿಯ ಮಕ್ಕಳು. ಬ್ಯಾಂಟಮ್ 1971ರವರೆಗೆ ಅಂಚೆಯವರ, ವಿದ್ಯಾರ್ಥಿಗಳ, ಕೂಲಿಯವರ ಗಾಡಿಯಾಗಿ ಹೆಚ್ಚುಕಡಿಮೆ ಇದ್ದ ಹಾಗೇ ಉಳಿದು ನಿಂತುಹೋಯಿತು. ಯಮಾಹಾ ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳಬೇಕಾಗಿಲ್ಲ. ಬ್ಯಾಂಟಮ್‌ನ ಗೇರ್ ಕಡ್ಡಿ ಬಲಗಡೆ ಇರುವುದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು: ಎಂಜಿನ್ನನ್ನು ತಿರುಗಿಸುವ ಶ್ರಮವನ್ನು ಮುಂದಿನ ಎಂಜಿನ್ನಿಗೆ ಹಾಕಿದ್ದರೆ?

ಬಲಗಾಲಿನ ಗೇರಿಗೂ ಕೊನೆ ಬಂತು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಸುರಕ್ಷತಾ ನಿಯಮ ಎಡಗಾಲಿನ ಗೇರನ್ನು ಕಡ್ಡಾಯ ಮಾಡಿತು. ಟ್ರಯಂಫ್ ಬಾನೆವಿಲ್, ನಾರ್ಟನ್ ಕಮಾಂಡೊ ಎರಡೂ ಹೆಚ್ಚಾಗಿ ಮಾರಾಟವಾಗುತ್ತಿದ್ದದ್ದೇ ಅಲ್ಲಿ. ಬಲಗಡೆಗೆಂದು ಮಾಡಿದ ಗೇರ್‌ಬಾಕ್ಸಿನಿಂದ ಎಡಕ್ಕೆ ಅಡ್ಡದಂಡ ಹಾಯಿಸಿ ಕೆಲಸ ಪೂರೈಸಿದರು. ಅದೂ ಒಂದು ಸಂದೇ.

ಇಷ್ಟಾದ ಮೇಲೆ ನನ್ನ ವಾದಕ್ಕೆ ಎದುರು ನಿಲ್ಲುವ ಗಾಡಿಯೊಂದನ್ನು ಹೆಸರಿಸದಿದ್ದರೆ ಅನ್ಯಾಯ. ಅದು ವೆಲೋಸೆಟ್ ಎಲ್‌ಇ. ಬರ್ಮಿಂಗ್‌ಹ್ಯಾಮ್‌ನ ಹಾಲ್ ಗ್ರೀನ್‌ನಲ್ಲಿದ್ದ ಈ ಕುಟುಂಬದ ಕಂಪನಿ 1948ರಲ್ಲಿ ಯಾರೂ ಊಹಿಸದ ಗಾಡಿಯನ್ನು ತಂದಿತು. ಎಡಬಲಕ್ಕೆ ಮಲಗಿದ ಎರಡು ಸಿಲಿಂಡರ್, ಆದ್ದರಿಂದ ನಡುಕ ಇಲ್ಲ. ನೀರಿನಿಂದ ತಂಪಾಗುವ ಎಂಜಿನ್, ಆದ್ದರಿಂದ ಸದ್ದು ಕಡಿಮೆ. ಚೈನಿನ ಬದಲು ಶಾಫ್ಟ್, ಆದ್ದರಿಂದ ಪ್ಯಾಂಟಿಗೆ ಗ್ರೀಸಿಲ್ಲ. ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡುವ ಹಿಡಿ. ಮೊದಲು 149 ಸಿಸಿ, ಆಮೇಲೆ 192. ಬ್ರಿಟಿಷರಿಗೆ ಸ್ವಚ್ಛ ಗಾಡಿ ಮಾಡಲು ಬರುತ್ತಿರಲಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಇದೊಂದು ಸಾಕು. ಕೊಂಡವರು ಯಾರು? ಬಹುಪಾಲು ಪೊಲೀಸರು. ರಾತ್ರಿ ಗಸ್ತಿಗೆ ಸದ್ದಿಲ್ಲದ ಗಾಡಿ ಅನುಕೂಲ. ಮೇಲಧಿಕಾರಿ ಎದುರಾದರೆ ಹ್ಯಾಂಡಲ್ ಬಿಟ್ಟು ಸಲ್ಯೂಟ್ ಹೊಡೆಯಬೇಕಿಲ್ಲ, ತಲೆ ಆಡಿಸಿದರೆ ಸಾಕು ಎಂಬ ರಿಯಾಯಿತಿ ಕೊಟ್ಟದ್ದರಿಂದ ಅದಕ್ಕೆ ನಾಡಿ (ತಲೆಯಾಡಿಸುವ) ಬೈಕ್ ಎಂಬ ಅಡ್ಡಹೆಸರೂ ಅಂಟಿತು. ಯಾರಿಗಾಗಿ ಮಾಡಿದ್ದರೋ ಆ ಸಾಮಾನ್ಯ ಸಂಸಾರಸ್ಥ ಅದನ್ನು ಮುಟ್ಟಲಿಲ್ಲ; ಒತ್ತುಯಂತ್ರಗಳಿಗೆ ಸುರಿದ ದುಡ್ಡು ಗಾಡಿಯ ಬೆಲೆಗೆ ಏರಿತ್ತು. 1959ರಲ್ಲಿ ಮಿನಿ ಕಾರು ಬಂದ ಮೇಲೆ ಅವನು ಆ ಕಡೆಗೇ ಹೋದ. ವೆಲೋಸೆಟ್ 1971ರಲ್ಲಿ ಮುಚ್ಚಿತು. ಅಂದರೆ ಹೊಸ ಸಲಕರಣೆಗೆ ದುಡ್ಡು ಹಾಕಿದವರೂ ಮುಳುಗಿದರು. ಇದು ನನ್ನ ವಾದವನ್ನು ಮುರಿಯುತ್ತದೆಯೇ? ಇಲ್ಲವೆಂದು ನನ್ನ ಅಭಿಪ್ರಾಯ. ಸಣ್ಣ ಕಂಪನಿಯೊಂದು ಒಂಟಿಯಾಗಿ ಹೊರಲಾಗದ ಹೊರೆಯನ್ನು ಬಿಎಸ್‌ಎಯಂಥ ದೊಡ್ಡ ಸಂಸ್ಥೆ ಹೊರಬಹುದಿತ್ತು. ಆದರೆ ‘ಯಂತ್ರ ಬದಲಿಸಿದ್ದರೆ ಉಳಿಯುತ್ತಿದ್ದರು’ ಎಂಬ ಸಲೀಸು ತೀರ್ಮಾನಕ್ಕೆ ಎಲ್‌ಇ ಅಡ್ಡಗಾಲು ಹಾಕುತ್ತದೆ, ಹಾಕಲಿ.

ಪತನಕ್ಕೆ ಕಾಗದದ ಮೇಲಿನ ವಿವರಣೆಗಳು ಮುಖ್ಯವಾಗಿ ಎರಡು. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1975ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿಯ ಪ್ರಕಾರ, ಜಪಾನಿನವರು ಸಣ್ಣ ಗಾಡಿಗಳ ಮಾರುಕಟ್ಟೆಗೆ ನುಗ್ಗಿದಾಗ ಬ್ರಿಟಿಷ್ ಕಂಪನಿಗಳು ಲಾಭ ಸಾಲದೆಂದು ಅದನ್ನು ಬಿಟ್ಟುಕೊಟ್ಟವು. 250 ಸಿಸಿ ಹೋಯಿತು, 350 ಹೋಯಿತು, 500 ಹೋಯಿತು, ಕೊನೆಗೆ ಬೆನ್ನಿಗೆ ಗೋಡೆ ತಾಗಿತು. ಹಾಪ್‌ವುಡ್ 1981ರಲ್ಲಿ ಬರೆದ ಪುಸ್ತಕ ಒಳಗಿನವನ ಕೋಪದ್ದು. ಒಂದೇ ಮೂಲದಿಂದ ಹಲವು ಗಾತ್ರದ ಎಂಜಿನ್‌ಗಳನ್ನು ಬೆಳೆಸುವ ತಮ್ಮ ಯೋಜನೆಗಳನ್ನು ಆಡಳಿತ ಕಡೆಗಣಿಸಿತೆಂಬ ದೂರು ಅದರಲ್ಲಿದೆ. ಒಂದು ಮಾರುಕಟ್ಟೆಯಿಂದ ನೋಡುತ್ತದೆ, ಇನ್ನೊಂದು ನಕ್ಷೆಯ ಮೇಜಿನಿಂದ. ಕ್ರ್ಯಾಂಕ್‌ಕೇಸಿನ ಸಂದು ಇವೆರಡರ ನಡುವಿನ ಜಾಗವನ್ನು, ಅಂದರೆ ಲೇತ್ ಮತ್ತು ಡ್ರಿಲ್ಲುಗಳ ಅಂಗಳವನ್ನು ತೋರಿಸುತ್ತದೆ. ಲಾಭ ಸಾಲದು ಎಂಬ ಲೆಕ್ಕದಲ್ಲಿ ಯಂತ್ರದ ಖರ್ಚು ಆಗಲೇ ತೀರಿದ ಹಳೆಯ ಎಂಜಿನ್ನೇ ಯಾವಾಗಲೂ ಅಗ್ಗವಾಗಿ ಕಾಣುತ್ತದೆ. ಹೊಸ ನಕ್ಷೆ ತಿರಸ್ಕೃತವಾಗುವುದು ಆ ಲೆಕ್ಕದ ಎದುರಿಗೇ.

ಮ್ಯೂಸಿಯಂನ ಸಾಕ್ಷ್ಯಕ್ಕೆ ಒಂದು ಓರೆ ಇದೆ. ನಾಟಿಂಗ್‌ಹ್ಯಾಮ್‌ನ ಜಾರ್ಜ್ ಬ್ರೌ ಕಟ್ಟಿದ ಬ್ರೌ ಸುಪೀರಿಯರ್ ಗಾಡಿಗಳು ಎರಡು ದಶಕಗಳಲ್ಲಿ ಒಟ್ಟು ಮೂರು ಸಾವಿರದಷ್ಟು. ಬಿಎಸ್‌ಎ ಎಂ20 ಯುದ್ಧಕಾಲದಲ್ಲೇ 1,26,000 ತಯಾರಾದವು. ಪ್ರದರ್ಶನದಲ್ಲಿ ಒಂದೊಂದಕ್ಕೂ ಒಂದೊಂದು ಸ್ಟ್ಯಾಂಡ್. ಜನ ಸುತ್ತುವರಿಯುವುದು ಬ್ರೌ ಸುಪೀರಿಯರನ್ನು, 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಅದೇ ಮಾದರಿಯ ಗಾಡಿಯಿಂದ ಬಿದ್ದು ಸತ್ತ ಕಥೆಯೂ ಅದಕ್ಕೆ ಅಂಟಿಕೊಂಡಿದೆ. ಎಂ20ಯ ಮುಂದೆ ನಿಲ್ಲುವವರು ಅದನ್ನು ಓಡಿಸಿದವರ ಮೊಮ್ಮಕ್ಕಳು ಇರಬೇಕು. ಪ್ರೀತಿಯಿಂದ ಉಳಿದದ್ದು ಬೇರೆ, ಉದ್ಯಮವನ್ನು ಉಳಿಸಿದ್ದು ಬೇರೆ.

ಈ ಸಂಗ್ರಹದಲ್ಲೇ ಬೆಂಕಿಯ ಸಂದೊಂದು ಇದೆ. 2003ರ ಸೆಪ್ಟೆಂಬರ್ 16ರಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಎಸೆದ ಸಿಗರೇಟ್ ತುಂಡಿನಿಂದ ಎಂದು ಆಗ ವರದಿಯಾಯಿತು. ಸಿಬ್ಬಂದಿ, ಅಲ್ಲಿಗೆ ಬಂದಿದ್ದ ಜನ ಕೈಗೆ ಸಿಕ್ಕ ಗಾಡಿಗಳನ್ನು ಹೊರಕ್ಕೆ ತಳ್ಳಿದರು. ಆದರೂ ಸುಮಾರು 380 ಗಾಡಿಗಳು ಸುಟ್ಟವು. ಕಟ್ಟಡವನ್ನು ಮತ್ತೆ ಕಟ್ಟಿ 2004ರ ಡಿಸೆಂಬರ್‌ನಲ್ಲಿ ತೆರೆದರು. ಸುಟ್ಟ ಗಾಡಿಗಳ ಜೀರ್ಣೋದ್ಧಾರ ವರ್ಷಗಟ್ಟಲೆ ನಡೆಯಿತು. ಅವುಗಳಲ್ಲಿ ಒಂದು ಸ್ಲಿಪರಿ ಸ್ಯಾಮ್ ಎಂಬ ಟ್ರೈಡೆಂಟ್. 1970ರಲ್ಲಿ ಫ್ರಾನ್ಸಿನ 24 ಗಂಟೆಗಳ ಬೋಲ್ ದೋರ್ ಓಟದಲ್ಲಿ ಟ್ರೈಡೆಂಟೇ ಗೆದ್ದಿತು. ಗೆದ್ದದ್ದು ಇದಲ್ಲ, ಎಣ್ಣೆ ಉಗುಳಿ ಸವಾರರ ಮೈಯೆಲ್ಲ ಜಿಡ್ಡು ಮಾಡುತ್ತಲೇ ಐದನೆಯದಾಗಿ ಮುಗಿಸಿದ ಇನ್ನೊಂದು ಗಾಡಿ ಇದು. ಜಾರುವ ಸ್ಯಾಮ್ ಎಂಬ ಹೆಸರು ಬಂದದ್ದು ಅದರಿಂದ. ಆಮೇಲೆ ಇದೇ ಗಾಡಿ ಐಲ್ ಆಫ್ ಮ್ಯಾನ್ ಟಿಟಿಯ ಪ್ರೊಡಕ್ಷನ್ ಓಟವನ್ನು 1971ರಿಂದ 1975ರವರೆಗೆ ಸತತ ಐದು ವರ್ಷ ಗೆದ್ದಿತು. ಬೆಂಕಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಈಗ ನಾವು ನೋಡುವುದು ಮರಳಿ ಕಟ್ಟಿದ ಸ್ಯಾಮ್.

ಅದನ್ನು ಅಸಲಿ ಎನ್ನಬಹುದೇ ಎಂಬ ಚರ್ಚೆ ಹವ್ಯಾಸಿಗಳ ನಡುವೆ ಮುಗಿಯುವುದಿಲ್ಲ. ನನ್ನ ಪ್ರಶ್ನೆಯ ಮಟ್ಟಿಗೆ ಉತ್ತರ ಸುಲಭ. ಗೆದ್ದ ಗಾಡಿ ಇದೇ ಎಂಬುದಕ್ಕೆ ಅದು ಈಗ ದುರ್ಬಲ ಸಾಕ್ಷಿ. ಟ್ರೈಡೆಂಟನ್ನು ಹೇಗೆ ಕಟ್ಟುತ್ತಿದ್ದರು ಎಂಬುದಕ್ಕೆ ಮೊದಲಿನಷ್ಟೇ ಗಟ್ಟಿ ಸಾಕ್ಷಿ, ಏಕೆಂದರೆ ಮರಳಿ ಕಟ್ಟುವಾಗಲೂ ಮೂರು ಹೋಳಿನ ಕ್ರ್ಯಾಂಕ್‌ಕೇಸೇ ಬೇಕು, ಎರಡು ಸಂದುಗಳೇ ಬೇಕು. ಆದರೆ ಸಂಗ್ರಹಾಲಯಗಳು ಒಂದು ಕೆಲಸ ಮಾಡಬಹುದು: ಇಂಥ ಗಾಡಿಗಳಲ್ಲಿ ಯಾವ ಭಾಗ ಬೆಂಕಿಗೆ ಮುಂಚಿನದು, ಯಾವುದು ಹೊಸದು ಎಂಬುದನ್ನು ಫಲಕದಲ್ಲಿ ಬರೆಯಬಹುದು. ಹಾಳುಬಿದ್ದ ಗುಡಿಯನ್ನು ಎತ್ತಿ ಕಟ್ಟುವ ಪುರಾತತ್ತ್ವದವರು ಹೊಸ ಕಲ್ಲಿಗೆ ಗುರುತು ಹಾಕುತ್ತಾರಲ್ಲ, ಆ ಶಿಸ್ತು ಯಂತ್ರಗಳಿಗೂ ಬೇಕು.

ಕೊನೆಯದಾಗಿ ನಮ್ಮ ಕಡೆಗೆ ಹಾಯುವ ಒಂದು ಎಳೆ. ಇಂಗ್ಲೆಂಡಿನ ರೆಡಿಚ್‌ನ ರಾಯಲ್ ಎನ್‌ಫೀಲ್ಡ್‌ನಿಂದ ಭಾರತದ ಸೇನೆ 1954ರಲ್ಲಿ 800 ಬುಲೆಟ್‌ಗಳನ್ನು ತರಿಸಿತು. ಮರುವರ್ಷ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮೊದಲು ಬಿಡಿಭಾಗ ತಂದು ಜೋಡಿಸುವುದು, ಆಮೇಲೆ ಸಲಕರಣೆಗಳನ್ನೇ ಕೊಂಡು ತರುವುದು. 1962ರ ಹೊತ್ತಿಗೆ ಎಲ್ಲ ಭಾಗಗಳೂ ಇಲ್ಲೇ ತಯಾರಾಗತೊಡಗಿದವು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. 1977ರಲ್ಲಿ ಮದ್ರಾಸಿನ ಬುಲೆಟ್ ಬ್ರಿಟನ್ನಿಗೇ ರಫ್ತಾಯಿತು. ಬಲಗಾಲಿನ ಗೇರ್, ಹಿಮ್ಮಡಿಯಲ್ಲಿ ಒತ್ತಿದರೆ ನ್ಯೂಟ್ರಲ್‌ಗೆ ಬರುವ ಕಡ್ಡಿ, ಕಿಕ್ ಹೊಡೆಯುವ ಮೊದಲು ಆಮೀಟರಿನ ಮುಳ್ಳು ನೋಡುವ ಅಭ್ಯಾಸ ಇವೆಲ್ಲ ಬಿಕೆನ್‌ಹಿಲ್‌ನಲ್ಲಿ ಪ್ರದರ್ಶನ ವಸ್ತುಗಳು. ಬೆಂಗಳೂರು, ಮೈಸೂರುಗಳ ರಸ್ತೆಯಲ್ಲಿ ಈ ಶತಮಾನ ಹುಟ್ಟಿದ ಮೇಲೂ ಅವು ನಿತ್ಯದ ಸಂಗತಿಗಳಾಗಿದ್ದವು. ಹಳೆಯ ಹೆಸರುಗಳೂ ಈಚೆ ಬಂದಿವೆ. 2016ರಲ್ಲಿ ಬಿಎಸ್‌ಎಯನ್ನು ಕೊಂಡ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಟ್ಟಿದವರಲ್ಲೊಬ್ಬರು ಬೋಮನ್ ಇರಾನಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಸಿದ ರುಸ್ತುಂ ಇರಾನಿಯವರ ಮಗ. ಕ್ಲಾಸಿಕ್ ಲೆಜೆಂಡ್ಸ್‌ನ ಹೊಸ ಬಿಎಸ್‌ಎ ಗೋಲ್ಡ್ ಸ್ಟಾರ್ 2021ರಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಮ್ಯೂಸಿಯಂಗೆ ಹತ್ತಿರದ ಪ್ರದರ್ಶನ ಕೇಂದ್ರದಲ್ಲಿ. ನಾರ್ಟನ್ 2020ರಲ್ಲಿ ಟಿವಿಎಸ್ ಪಾಲಾಗಿ ಸೋಲಿಹಲ್‌ನಲ್ಲೇ ಹೊಸ ಕಾರ್ಖಾನೆ ಮಾಡಿಕೊಂಡಿತು. ಹೆಸರು ಕೈಬದಲಾಗುವುದು ಮಾರುಕಟ್ಟೆಯ ಸಂಗತಿ. ನನಗೆ ಅದಕ್ಕಿಂತ ಆಸಕ್ತಿ ಸಲಕರಣೆಗಳು ಕೈಬದಲಾದದ್ದರಲ್ಲಿ.

ಬುಲೆಟ್‌ನ ಹಳೆಯ ಎಂಜಿನ್ನೂ ಉದ್ದುದ್ದ ಸೀಳಿದ ಕ್ರ್ಯಾಂಕ್‌ಕೇಸಿನದೇ. ರೆಡಿಚ್‌ನ 1950ರ ದಶಕದ ಎರಕವನ್ನೂ, ಅದೇ ಸಲಕರಣೆಯಿಂದ ಮದ್ರಾಸಿನ ತಿರುವೊತ್ತಿಯೂರಿನಲ್ಲಿ ಮುಂದಿನ ದಶಕಗಳಲ್ಲಿ ತಯಾರಾದ ಎರಕಗಳನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ಸಂದಿನ ಮುಖ, ಬೋಲ್ಟಿನ ಜಾಗ, ಎಣ್ಣೆಯ ದಾರಿಗಳನ್ನು ಅಳೆದರೆ, ಬ್ರಿಟನ್ನಿನಲ್ಲಿ ಬದಲಾಗದೆ ಉಳಿದದ್ದು ಇಲ್ಲಿ ಎಷ್ಟು ಬದಲಾಯಿತು, ಯಾವಾಗ ಬದಲಾಯಿತು ಎಂಬುದನ್ನು ಊಹೆಯಿಲ್ಲದೆ ಹೇಳಬಹುದು. ಮ್ಯೂಸಿಯಂನ ಗಾಡಿಯನ್ನು ಹೊರಗಿನಿಂದ ನೋಡಬಹುದು, ಬಿಚ್ಚಲಾಗದು. ಇತ್ತಲಿನ ಅರ್ಧ ಕೆಲಸಕ್ಕೆ ಆ ಅಡ್ಡಿ ಇಲ್ಲ. ಬೆಂಗಳೂರಿನ ಶಿವಾಜಿನಗರದ, ಜೆ.ಸಿ. ರಸ್ತೆಯ ಹಳೆಯ ಬುಲೆಟ್ ಮೆಕಾನಿಕ್‌ಗಳ ಬೆಂಚಿನ ಮೇಲೆ ಅಂಥ ಹೋಳುಗಳು ಬಂದು ಹೋಗುತ್ತಲೇ ಇರುತ್ತವೆ. ಎಂಜಿನ್ ನಂಬರ್ ಬರೆದುಕೊಂಡು, ಕ್ಯಾಲಿಪರ್ ಹಿಡಿದು ಅಲ್ಲಿಂದಲೇ ಶುರು ಮಾಡಬಹುದು.